ಹಾಳೆಯ ಮೇಲಣ ಸ್ವರ

ಪಾಣಿನೀಯ ಶಿಕ್ಷೆಯೆಂಬ ಪುಟ್ಟ ಗ್ರಂಥವೊಂದುಂಟು. ವೇದಪಾಠಕರ ಉಚ್ಚಾರಣೆಯನ್ನು ತಿದ್ದುವ ಉದ್ದೇಶದಿಂದ ಹುಟ್ಟಿದ ಆ ಗ್ರಂಥವು ಅಧಮ ಪಾಠಕರನ್ನು ಆರು ಬಗೆಯಾಗಿ ಎಣಿಸುತ್ತದೆ: ಓದಬೇಕಾದುದನ್ನು ರಾಗವೆಳೆದು ಹಾಡುವವನು, ಅವಸರದಿಂದ ಓಡುವವನು, ತಲೆಯನ್ನು ಕುಣಿಸುವವನು, ಬರೆದುದನ್ನು ನೋಡಿಕೊಂಡು ಓದುವವನು, ಅರ್ಥವರಿಯದವನು, ಕೊರಳು ಸಾಲದವನು. ಉಳಿದ ಐವರ ವಿಷಯದಲ್ಲಿ ನಮ್ಮ ತಕರಾರೇನೂ ಇಲ್ಲ. ಆದರೆ ಬರೆದಿಟ್ಟುಕೊಂಡು ಓದುವವನನ್ನು ತಲೆ ಕುಣಿಸುವವನ ಪಕ್ಕದಲ್ಲಿ ನಿಲ್ಲಿಸಿರುವುದನ್ನು ಕಂಡಾಗ, ಮುದ್ರಿತ ಪುಸ್ತಕದ ಆಸರೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದ ನಮ್ಮ ಕಾಲದವರಿಗೆ ತುಸು ಮುಜುಗರವಾಗದೆ ಇರದು. ವಿನೋದವೆಂದರೆ, ಈ ತಿರಸ್ಕಾರದ ಮಾತು ನಮ್ಮವರೆಗೆ ಬಂದು ತಲುಪಿರುವುದೂ ಬರೆಹದ ಮೂಲಕವೇ.

ವೇದಪಾಠದ ಈ ಸಂಶಯವೇ ನಮ್ಮ ಸಂಗೀತಕ್ಕೂ ಆನುವಂಶಿಕವಾಗಿ ಬಂದಿತು. ವಿದ್ಯೆಯೆಂಬುದು ಬಾಯಿಂದ ಕಿವಿಗೆ, ಕಿವಿಯಿಂದ ಕೊರಳಿಗೆ ಇಳಿಯತಕ್ಕದ್ದು. ನಡುವೆ ಕಣ್ಣಿಗೆ ಕೆಲಸವಿಲ್ಲ ಎಂದು ನಂಬಿದ ಜನ ನಾವು. ಹಾಗಿದ್ದೂ, ಅದೇ ಜನರು ಸಂಗೀತವನ್ನು ಕುರಿತು ಸಾವಿರ ವರ್ಷಕ್ಕೂ ಮಿಕ್ಕ ಕಾಲ ಎಡೆಬಿಡದೆ ಬರೆಯುತ್ತ ಬಂದಿರುವರು. ಭರತನ ನಾಟ್ಯಶಾಸ್ತ್ರದಿಂದ ತೊಡಗಿ, ರಾಗವೆಂದರೇನೆಂಬುದನ್ನು ಮೊತ್ತಮೊದಲು ಬಿಡಿಸಿ ಹೇಳಿದ ಮತಂಗನ ಬೃಹದ್ದೇಶಿಯನ್ನು ಹಾದು, ಇಂದು ಪೇಟೆಯ ಅಂಗಡಿಯಲ್ಲಿ ದೊರೆಯುವ ಪ್ರಥಮಪಾಠದ ತೆಳ್ಳನೆಯ ಪುಸ್ತಕದವರೆಗೆ ಹಬ್ಬಿರುವ ಈ ಬರೆಹವು ಯಾರಿಗಾಗಿ ಹುಟ್ಟಿತು, ಯಾವ ಕೆಲಸವನ್ನು ಮಾಡಿತು, ಯಾವುದನ್ನು ಮಾಡಲಾರದೆ ಹೋಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ಎಲ್ಲಕ್ಕಿಂತ ಮೊದಲು ಒಂದು ವಿರೋಧಾಭಾಸವನ್ನು ಹೇಳಿಬಿಡುವೆನು. ಕರ್ನಾಟಕ ಸಂಗೀತದ ಪಠ್ಯಪುಸ್ತಕಗಳಲ್ಲಿ ಸರ್ವಶ್ರೇಷ್ಠವಾದುದಕ್ಕೆ ಹಾಳೆಗಳೇ ಇರಲಿಲ್ಲ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಸಪ್ತತಾಳಗಳ ಅಲಂಕಾರ, ಅದರ ಮೇಲೆ ಮಲಹರಿ ರಾಗದ ಪಿಳ್ಳಾರಿ ಗೀತೆಗಳು ಎಂಬ ಈ ಸೋಪಾನಪಂಕ್ತಿಯನ್ನು ಕಟ್ಟಿಕೊಟ್ಟವರು 16ನೆಯ ಶತಮಾನದ ಪುರಂದರದಾಸರೆಂದು ಪರಂಪರೆ ಒಕ್ಕೊರಲಿನಿಂದ ಹೇಳುತ್ತದೆ. ಅವರನ್ನು ಕರ್ನಾಟಕ ಸಂಗೀತಪಿತಾಮಹರೆಂದು ಕೊಂಡಾಡುವುದು ಕೀರ್ತನೆಗಳಿಗಾಗಿ ಎಷ್ಟೋ, ಈ ಪಾಠಕ್ರಮಕ್ಕಾಗಿಯೂ ಅಷ್ಟೇ. ಹಂಪೆಯಿಂದ ತಂಜಾವೂರಿಗೆ, ಅಲ್ಲಿಂದ ತಿರುವನಂತಪುರಕ್ಕೆ, ಮೈಸೂರಿಗೆ, ತೆಲುಗು ನಾಡಿನ ವಿಜಯನಗರಂಗೆ ಈ ಪಾಠವು ನಡೆದುಹೋದುದು ಕೊರಳುಗಳ ಮೇಲೆಯೇ. ಭಾಷೆ ಬದಲಾಯಿತು, ರಾಜ್ಯಗಳು ಅಳಿದವು. ಕನ್ನಡ, ತೆಲುಗು, ತಮಿಳು, ಮಲೆಯಾಳ ನಾಡುಗಳ ಮಕ್ಕಳು ಮಾತ್ರ ಮುಂಜಾವದಲ್ಲಿ ಎದ್ದು ಇಂದಿಗೂ ಇದೇ ಸರಳೆಯನ್ನು ಹಾಡುತ್ತಿರುವರು. ಅಚ್ಚಿನ ಯಂತ್ರ ಬಂದ ಮೇಲೆ ಪ್ರಕಟವಾದ ಯಾವ ಪ್ರಥಮಪಾಠದ ಪುಸ್ತಕವನ್ನು ತೆಗೆದರೂ, ಮುಖಪುಟದ ಮೇಲೆ ಯಾರ ಹೆಸರೇ ಇರಲಿ, ಒಳಗೆ ಇರುವುದು ಆ ಬರೆಯದ ಪುಸ್ತಕದ ಪ್ರತಿಯೇ.

ಈ ಪಾಠವನ್ನು ಮಾಯಾಮಾಳವಗೌಳ ರಾಗದಲ್ಲಿ ಆರಂಭಿಸುವುದೇಕೆ ಎಂಬುದನ್ನು ನೋಡಿದರೆ, ಶಿಕ್ಷಕನ ಬುದ್ಧಿಗೂ ಶಾಸ್ತ್ರಕಾರನ ಬುದ್ಧಿಗೂ ಇರುವ ಅಂತರ ತಿಳಿಯುತ್ತದೆ. ಆ ರಾಗದಲ್ಲಿ ಷಡ್ಜದಿಂದ ರಿಷಭಕ್ಕೆ ಸಣ್ಣ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ದೊಡ್ಡ ನೆಗೆತ, ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಸಣ್ಣ ಹೆಜ್ಜೆ. ಪಂಚಮದಿಂದ ಮೇಲಣ ಷಡ್ಜದವರೆಗೂ ಅದೇ ಕ್ರಮ, ಅದೇ ಅಳತೆ. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧವು ತಾನಾಗಿ ಒದಗುತ್ತದೆ. ಕಿರಿದು ಹಿರಿದು ಅಂತರಗಳೆರಡೂ ಮೊದಲ ದಿನವೇ ಕಿವಿಗೆ ಬೀಳುವುದರಿಂದ ಸ್ವರಸ್ಥಾನಗಳ ತೂಕ ತಿಳಿಯುತ್ತದೆ. ರಾಗಗಳನ್ನು ವಿಂಗಡಿಸುವ 72 ಮೇಳಗಳ ಪಟ್ಟಿಯಲ್ಲಾದರೋ ಇದು 15ನೆಯದು. ಪಟ್ಟಿಯ ಮೊದಲನೆಯದಾದ, ಈಗ ಕನಕಾಂಗಿಯೆಂದು ಕರೆಯುವ ಮೇಳವನ್ನು ಮಗುವಿನ ಬಾಯಿಗೆ ಕೊಟ್ಟು ನೋಡಿ: ಷಡ್ಜ, ಶುದ್ಧ ರಿಷಭ, ಶುದ್ಧ ಗಾಂಧಾರಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿರುವ ಆ ಇರುಕಿನಲ್ಲಿ ನುರಿತ ಗಾಯಕನೂ ಎಡವುವನು. ಗಣಿತದಲ್ಲಿ ಮೊದಲನೆಯದು ಕಲಿಕೆಯಲ್ಲಿ ಮೊದಲನೆಯದಾಗಬೇಕಿಲ್ಲವೆಂಬ ಈ ವಿವೇಕವನ್ನು, ಬೋಧನಶಾಸ್ತ್ರವೆಂಬ ಹೆಸರೇ ಇಲ್ಲದಿದ್ದ ಕಾಲದಲ್ಲಿ ನಮ್ಮವರು ಕಂಡುಕೊಂಡಿದ್ದರು.

ಅಚ್ಚಾದ ಪುಸ್ತಕದಲ್ಲಿ ಈ ಪಾಠವು ಕಾಣಿಸುವ ರೀತಿಯೂ ಸೊಗಸಾದುದು. ಸಂಗೀತವನ್ನು ಬರೆಯುವುದಕ್ಕೆ ನಾವು ಬೇರೆ ಲಿಪಿಯನ್ನು ಕಲ್ಪಿಸಿಕೊಳ್ಳಲಿಲ್ಲ. ನಮ್ಮ ಅಕ್ಷರಮಾಲೆಯ ಗುಣವನ್ನೇ ದುಡಿಸಿಕೊಂಡೆವು. ‘ರಿ’ ಎಂದು ಹ್ರಸ್ವವಾಗಿ ಬರೆದರೆ ಒಂದು ಅಕ್ಷರಕಾಲ, ‘ರೀ’ ಎಂದು ದೀರ್ಘವಾಗಿ ಬರೆದರೆ ಎರಡು. ಇನ್ನೂ ಎಳೆಯಬೇಕಾದರೆ ಅಲ್ಪವಿರಾಮದ ಚಿಹ್ನೆಗೆ ಒಂದು ಎಣಿಕೆ, ಅರ್ಧವಿರಾಮದ ಚಿಹ್ನೆಗೆ ಎರಡು. ಅಕ್ಷರದ ನೆತ್ತಿಯ ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಅಡಿಯಲ್ಲಿದ್ದರೆ ಮಂದ್ರ. ಸ್ವರಗಳ ಮೇಲೆ ಒಂದು ಗೆರೆ ಎಳೆದರೆ ವೇಗ ಇಮ್ಮಡಿ, ಎರಡು ಗೆರೆ ಎಳೆದರೆ ನಾಲ್ಮಡಿ. ತಾಳದ ಅಂಗ ಮುಗಿದಲ್ಲಿ ಒಂದು ನಿಲುಗೆರೆ, ಆವರ್ತ ಮುಗಿದಲ್ಲಿ ಎರಡು. ಲಘು ಗುರುಗಳ ಪ್ರಸ್ತಾರವನ್ನು ಹಾಕಿ ಕಂದಪದ್ಯವನ್ನು ಅಳೆದು ಬಲ್ಲ ಕನ್ನಡಿಗನಿಗೆ ಇದನ್ನು ಯಾರೂ ವಿವರಿಸಬೇಕಾಗಿಯೇ ಇಲ್ಲ. ಛಂದಸ್ಸಿನ ಮನೆಯಿಂದ ಸಂಗೀತದ ಮನೆಗೆ ಹಿತ್ತಿಲ ಬಾಗಿಲೊಂದು ಮೊದಲಿನಿಂದಲೂ ತೆರೆದೇ ಇದ್ದಿತು.

ಇಷ್ಟು ಸುಲಭವಾದ ಬರೆಹವಿದ್ದೂ ತೊಡಕು ಎಲ್ಲಿದೆಯೆಂಬುದು ನನಗೆ ಮೊದಲು ಮನದಟ್ಟಾದುದು ಜಂಟಿ ವರಸೆಯಲ್ಲಿ. ನಮ್ಮೂರಿನ ಸಂಗೀತದ ಮೇಷ್ಟ್ರ ಮನೆಯ ಜಗಲಿಯಲ್ಲಿ ನಾವು ನಾಲ್ಕಾರು ಮಂದಿ ಹುಡುಗರು ಕುಳಿತು, ಅವರದೇ ಆದ, ಬೆನ್ನು ಹರಿದು ದಾರದಿಂದ ಹೊಲಿಸಿಕೊಂಡಿದ್ದ ಒಂದೇ ಪುಸ್ತಕವನ್ನು ಸರದಿಯ ಮೇಲೆ ನೋಡಿ ಪಾಠವನ್ನು ಬರೆದುಕೊಳ್ಳುತ್ತಿದ್ದೆವು. ಅಚ್ಚಿನ ಅಕ್ಷರಗಳ ಮೇಲೆ ಅಲ್ಲಲ್ಲಿ ಸೀಸದಕಡ್ಡಿಯಿಂದ ಮೂರು ಮೂರು ಪುಟ್ಟ ಚುಕ್ಕೆಗಳನ್ನು ಯಾರೋ ಇಟ್ಟಿದ್ದರು. ತಾಳದ ಲೆಕ್ಕವೋ ಏನೋ ಎಂದುಕೊಂಡು ನಾವು ಅವನ್ನು ಬಿಟ್ಟು ಉಳಿದುದನ್ನು ನಕಲು ಮಾಡುತ್ತಿದ್ದೆವು. ಜಂಟಿ ವರಸೆಯ ದಿನ ಬಂದಿತು. ಪುಸ್ತಕದಲ್ಲಿ ಕಂಡಂತೆ ಒಂದೊಂದು ಸ್ವರವನ್ನೂ ಎರಡೆರಡು ಸಲ ಸಮಸಮನಾಗಿ ಹಾಡಿದೆ. ಮೇಷ್ಟ್ರು ಕಣ್ಣುಮುಚ್ಚಿ ಕೇಳಿ, “ಇದು ಜಂಟಿಯಲ್ಲವಯ್ಯ, ತೊದಲು. ಪುಸ್ತಕ ಮುಚ್ಚು, ನನ್ನ ಬಾಯಿ ನೋಡು” ಎಂದರು. ಅವರು ಹಾಡಿದಾಗ ಎರಡನೆಯ ಸ್ವರವು ಮೊದಲನೆಯದರ ಮರುಕಳಿಕೆಯಾಗಿರಲಿಲ್ಲ. ಕೆಳಗಿನ ಸ್ವರವನ್ನು ಕ್ಷಣಮಾತ್ರ ಮೆಟ್ಟಿ, ಅಲ್ಲಿಂದ ಚಿಮ್ಮಿ ಬಂದು ತನ್ನ ಸ್ಥಾನದ ಮೇಲೆ ಎಗರಿ ಕುಳಿತುಕೊಳ್ಳುತ್ತಿತ್ತು. ಹಾಳೆಯ ಮೇಲೆ ಅವಳಿಗಳಂತೆ ಕಾಣುತ್ತಿದ್ದ ಆ ಎರಡು ಅಕ್ಷರಗಳು ಕಿವಿಗೆ ಅಣ್ಣತಮ್ಮಂದಿರಂತೆಯೂ ಇರಲಿಲ್ಲ. ಅಂದಿನಿಂದ ಮೇಷ್ಟ್ರ ಬಾಯಲ್ಲಿ ‘ಪುಸ್ತಕ ಮುಚ್ಚು’ ಎಂಬ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಸ್ವರವನ್ನು ಹೀಗೆ ಅಲುಗಿಸುವ, ಜಾರಿಸುವ, ಚಿಮ್ಮಿಸುವ ವ್ಯಾಪಾರಕ್ಕೆ ಗಮಕವೆಂದು ಹೆಸರು. (ಕುಮಾರವ್ಯಾಸನನ್ನು ಓದಿ ರಂಜಿಸುವ ಕಲೆಗೂ ಕನ್ನಡದಲ್ಲಿ ಇದೇ ಹೆಸರಿರುವುದು ಸುಖಕರವಾದ ಗೊಂದಲ.) ತೋಡಿ ರಾಗದ ಗಾಂಧಾರವನ್ನು ಪುಸ್ತಕವು ‘ಗ’ ಎಂದು ಬರೆದು ಸುಮ್ಮನಾಗುತ್ತದೆ; ಆ ಗಾಂಧಾರವನ್ನು ರಿಷಭ ಮಧ್ಯಮಗಳ ನಡುವೆ ತೂಗದೆ ಗೂಟ ಹೊಡೆದಂತೆ ನಿಲ್ಲಿಸಿ ಹಾಡಿದರೆ ಸ್ವರಸ್ಥಾನವೆಲ್ಲ ಸರಿಯಿದ್ದೂ ತೋಡಿ ಮಾತ್ರ ಅಲ್ಲಿರುವುದಿಲ್ಲ. ಹಾರ್ಮೋನಿಯಂ ಮೇಲೆ ತೋಡಿಯನ್ನು ಬಾರಿಸಹೊರಟವರೆಲ್ಲರೂ ಬಲ್ಲ ದುಃಖವಿದು. ಪುಸ್ತಕವು ಸ್ವರದ ಮನೆಯನ್ನು ತೋರಿಸಬಲ್ಲುದು. ಆ ಮನೆಯಲ್ಲಿ ಸ್ವರವು ಹೇಗೆ ಓಡಾಡಿಕೊಂಡಿದೆಯೆಂಬುದನ್ನು ತೋರಿಸಲು ಅದಕ್ಕೆ ಶಕ್ತಿ ಸಾಲದು.

ಹಾಗಾದರೆ ನಮ್ಮ ಪೂರ್ವಿಕರು ಇಷ್ಟೊಂದು ಬರೆದಿಟ್ಟುದಾದರೂ ಏನನ್ನು? ಬಹುಮಟ್ಟಿಗೆ ಲಕ್ಷಣವನ್ನು. ಹಾಡುಗಾರಿಕೆಯಲ್ಲಿ ಪ್ರತ್ಯಕ್ಷವಾಗಿ ಕೇಳುವುದು ಲಕ್ಷ್ಯ. ಅದನ್ನು ವಿಂಗಡಿಸಿ, ಹೆಸರಿಟ್ಟು, ನಿಯಮಕ್ಕೆ ತಂದು ಹೇಳುವುದು ಲಕ್ಷಣ. ಈ ಲಕ್ಷಣಸಾಹಿತ್ಯದಲ್ಲಿ ಕನ್ನಡನಾಡಿನ ಪಾಲು ಅಲ್ಪವಾದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅಡುಗೆ, ಆನೆ, ಮಲ್ಲಯುದ್ಧಗಳ ಜೊತೆಗೆ ಗೀತ, ವಾದ್ಯ, ನೃತ್ಯಗಳಿಗೂ ವಿಸ್ತಾರವಾದ ಸ್ಥಾನವುಂಟು. ಅವನ ಮಗ ಜಗದೇಕಮಲ್ಲನು ಸಂಗೀತಚೂಡಾಮಣಿಯೆಂಬ ಪ್ರತ್ಯೇಕ ಗ್ರಂಥವನ್ನೇ ಬರೆದನು. ಸಂಸ್ಕೃತದಲ್ಲಿ ಅಡಗಿದ್ದ ಈ ವಿದ್ಯೆಯ ಸಾರವನ್ನು ನಿಜಗುಣ ಶಿವಯೋಗಿಗಳು ವಿವೇಕಚಿಂತಾಮಣಿಯೆಂಬ ತಮ್ಮ ಗದ್ಯಕೋಶದಲ್ಲಿ ಕನ್ನಡಕ್ಕೆ ಇಳಿಸಿಕೊಟ್ಟರು.

ಈ ಗ್ರಂಥಗಳ ನಡುವೆ ಶಿಖರಪ್ರಾಯವಾದುದು 13ನೆಯ ಶತಮಾನದ ಸಂಗೀತರತ್ನಾಕರ. ಅದರ ಕರ್ತೃವಾದ ಶಾರ್ಙ್ಗದೇವನ ವಂಶ ಕಾಶ್ಮೀರದಿಂದ ಬಂದುದು. ಅವನ ತಂದೆ ದೇವಗಿರಿಯ ಯಾದವರಾಜ ಸಿಂಘಣನ ಆಶ್ರಯದಲ್ಲಿದ್ದವನು. ಸ್ವರ, ರಾಗ, ಪ್ರಕೀರ್ಣಕ, ಪ್ರಬಂಧ, ತಾಳ, ವಾದ್ಯ, ನರ್ತನ ಎಂಬ ಏಳು ಅಧ್ಯಾಯಗಳ ಆ ಗ್ರಂಥವನ್ನು ಸಾಮಾನ್ಯ ಓದುಗರು ದೂರದಿಂದಲೇ ನಮಸ್ಕರಿಸಿ ಬಿಟ್ಟುಬಿಡುವುದು ವಾಡಿಕೆ. ಆದರೆ ಪ್ರಕೀರ್ಣಕಾಧ್ಯಾಯವನ್ನು ತೆರೆದು ನೋಡಿದವರಿಗೆ, ಕಚೇರಿಯ ಮುಂದಿನ ಸಾಲಿನಲ್ಲಿ ಕುಳಿತು ಕಣ್ಣಂಚಿನಲ್ಲಿ ನಗುತ್ತಿರುವ ಒಬ್ಬ ರಸಿಕನ ಪರಿಚಯವಾಗುತ್ತದೆ. ಗಾಯಕರ ದೋಷಗಳನ್ನು ಅವನು 25 ಎಂದು ಎಣಿಸಿರುವನು. ಹಲ್ಲು ಕಚ್ಚಿಕೊಂಡು ಹಾಡುವವನು, ಬಾಯನ್ನು ವಿಕಾರವಾಗಿ ತೆರೆಯುವವನು, ಕಾಗೆಯ ದನಿಯವನು, ಒಂಟೆಯಂತೆ ಕತ್ತು ಚಾಚುವವನು, ಕತ್ತನ್ನು ವಕ್ರವಾಗಿ ತಿರುಗಿಸುವವನು, ಕಣ್ಣು ಮುಚ್ಚಿಕೊಳ್ಳುವವನು, ಮೂಗಿನಲ್ಲಿ ಹಾಡುವವನು, ಭಯದಿಂದ ನಡುಗುವವನು, ಮೈಮೇಲೆ ಎಚ್ಚರವಿಲ್ಲದವನು, ಹೀಗೆ ಸಾಗುವ ಆ ಪಟ್ಟಿಯನ್ನು ಓದಿ, ತನಗೆ ಪರಿಚಯವಿರುವ ಯಾರಾದರೊಬ್ಬರ ಮುಖ ನೆನಪಿಗೆ ಬಾರದವರು ಸಂಗೀತವನ್ನು ಕೇಳಿಯೇ ಇಲ್ಲವೆಂದು ತಿಳಿಯಬೇಕು.

ಅದೇ ಅಧ್ಯಾಯದಲ್ಲಿ ಗಾಯಕರನ್ನು ಅವನು ಐದು ಬಗೆಯಾಗಿ ವಿಂಗಡಿಸಿರುವುದು ನಮ್ಮ ಪ್ರಸ್ತುತ ವಿಷಯಕ್ಕೆ ಇನ್ನೂ ಹತ್ತಿರವಾದುದು. ಕಲಿಸುವುದರಲ್ಲಿ ಕುಶಲನಾದವನು ಶಿಕ್ಷಾಕಾರ. ಮತ್ತೊಬ್ಬರ ಬಾನಿಯನ್ನು ಅನುಸರಿಸುವವನು ಅನುಕಾರ. ರಸದಲ್ಲಿ ತಾನೇ ಮುಳುಗುವವನು ರಸಿಕ. ಕೇಳುವವರ ಮನಸ್ಸನ್ನು ಒಲಿಸುವವನು ರಂಜಕ. ಗೀತಕ್ಕೆ ಹೊಸ ಅತಿಶಯವನ್ನು ತುಂಬಬಲ್ಲವನು ಭಾವುಕ. ಹಾಡಬಲ್ಲವರೆಲ್ಲರೂ ಕಲಿಸಬಲ್ಲರೆಂಬ ಭ್ರಮೆ ಅವನಿಗಿರಲಿಲ್ಲವೆಂಬುದನ್ನೂ, ಕಲಿಸುವುದನ್ನು ಪ್ರತ್ಯೇಕವಾದ ಒಂದು ಗಾಯನಶಕ್ತಿಯೆಂದೇ ಅವನು ಗೌರವಿಸಿದನೆಂಬುದನ್ನೂ ಇಲ್ಲಿ ಗಮನಿಸಬೇಕು. ಈ ರತ್ನಾಕರಕ್ಕೆ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಕಲ್ಲಿನಾಥನು ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದನು. ನಮ್ಮ ಕಾಲದಲ್ಲಿ ಮೈಸೂರಿನ ರಾ. ಸತ್ಯನಾರಾಯಣ ಅವರು ನಿಃಶಂಕಹೃದಯವೆಂಬ ಹೆಸರಿನಿಂದ ಕನ್ನಡದಲ್ಲಿಯೇ ವ್ಯಾಖ್ಯಾನವನ್ನು ರಚಿಸಿ ನಮ್ಮ ಋಣಭಾರವನ್ನು ಹೆಚ್ಚಿಸಿದರು.

ಕಲ್ಲಿನಾಥನ ವೇಳೆಗೆ ಆಗಲೇ ಒಂದು ಸಂಕಟ ತಲೆದೋರಿತ್ತು. ಗ್ರಂಥದಲ್ಲಿ ಹೇಳಿದ ರಾಗ ಒಂದು, ಜನ ಹಾಡುತ್ತಿದ್ದ ರಾಗ ಮತ್ತೊಂದು. ಶಾಸ್ತ್ರ ಬರೆದವನು ತೀರಿಹೋಗಿದ್ದನು, ಹಾಡುವವರು ಬದುಕಿದ್ದರು, ಆದುದರಿಂದ ರಾಗವು ಹಾಡುವವರ ಪಕ್ಷವನ್ನು ಸೇರಿತು. 1550ರಲ್ಲಿ ಅಳಿಯ ರಾಮರಾಯನ ಪ್ರೇರಣೆಯಿಂದ ಸ್ವರಮೇಳಕಲಾನಿಧಿಯನ್ನು ಬರೆದ ರಾಮಾಮಾತ್ಯನು ಈ ಸತ್ಯವನ್ನು ಸಂಕೋಚವಿಲ್ಲದೆ ಒಪ್ಪಿಕೊಂಡು, ಸಂಗೀತಶಾಸ್ತ್ರದಲ್ಲಿ ಲಕ್ಷ್ಯಕ್ಕೇ ಪ್ರಾಧಾನ್ಯವೆಂದು ಸಾರಿದನು. ಅವನು ತನ್ನ ಕಾಲದ ರಾಗಗಳನ್ನು 20 ಮೇಳಗಳಲ್ಲಿ ಅಡಗಿಸಿ, ವೀಣೆಯ ದಂಡಿಯ ಮೇಲೆ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂಡಿಸಬೇಕೆಂಬುದನ್ನೂ ವಿವರಿಸಿದನು. ಅಂದಿಗೆ 15 ವರ್ಷ ಕಳೆಯುವುದರೊಳಗೆ ರಾಜಧಾನಿ ಸುಟ್ಟುಹೋಯಿತು, ಪುಸ್ತಕ ಉಳಿಯಿತು.

ಶಿವಗಂಗೆಯ ಸಮೀಪದ ಸಾತನೂರಿನಲ್ಲಿ ಹುಟ್ಟಿ, ಖಾನದೇಶದ ಬುರ್ಹಾನ್ ಖಾನನ ಆಸ್ಥಾನಕ್ಕೂ ಅಲ್ಲಿಂದ ಮುಂದೆ ಅಕ್ಬರನ ಸಾಮಂತರ ಸನ್ನಿಧಿಗೂ ಸಾಗಿಹೋದ ಪುಂಡರೀಕವಿಠ್ಠಲನ ಕಥೆ ಪ್ರತ್ಯೇಕವಾದ ಲೇಖನಕ್ಕೇ ಸಲ್ಲುವುದು. ದಕ್ಷಿಣದ ಶಾಸ್ತ್ರವನ್ನು ಹೊತ್ತುಕೊಂಡು ಉತ್ತರಕ್ಕೆ ಹೋದ ಈ ಕನ್ನಡಿಗನು ಅಲ್ಲಿಯ ರಾಗಗಳನ್ನು ಕೇಳಿ, ಪಾರಸಿಕ ಮೂಲದ ರಾಗಗಳನ್ನು ಸಹ ತನ್ನ ರಾಗಮಂಜರಿಯಲ್ಲಿ ಹೆಸರಿಸಿದನೆಂಬುದಷ್ಟನ್ನೇ ಇಲ್ಲಿ ಹೇಳಿ ಮುಂದುವರಿಯುವೆನು.

17ನೆಯ ಶತಮಾನದ ತಂಜಾವೂರಿನಲ್ಲಿ, ನಾಯಕರಾಜರ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದದೀಕ್ಷಿತರ ಮಗ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯನ್ನು ಬರೆದಾಗ, ಲಕ್ಷಣಶಾಸ್ತ್ರವು ಲಕ್ಷ್ಯದ ಬೆನ್ನು ಹತ್ತಿ ನಡೆಯುವುದನ್ನು ಬಿಟ್ಟು ಅದರ ಮುಂದಕ್ಕೆ ಓಡಿತು. ಅವನ ಲೆಕ್ಕ ಸರಳವಾದುದು. ರಿಷಭ ಗಾಂಧಾರಗಳ ಜೋಡಿಗಳು ಆರು, ಧೈವತ ನಿಷಾದಗಳ ಜೋಡಿಗಳು ಆರು. ಒಂದನ್ನೊಂದು ಗುಣಿಸಿದರೆ 36. ಶುದ್ಧ ಮಧ್ಯಮಕ್ಕೊಮ್ಮೆ, ಪ್ರತಿ ಮಧ್ಯಮಕ್ಕೊಮ್ಮೆ ಎಣಿಸಿದರೆ 72. ಆ ದಿನ ಬಳಕೆಯಲ್ಲಿದ್ದ ಮೇಳಗಳಾದರೋ 19 ಮಾತ್ರ. ಉಳಿದ 53 ಮನೆಗಳು ಖಾಲಿಯಾಗಿಯೇ ಇದ್ದವು. 72 ಎಂಬ ಈ ಸಂಖ್ಯೆಗೆ ಒಂದನ್ನು ಕೂಡಿಸಲು ಅಥವಾ ಇದರಿಂದ ಒಂದನ್ನು ಕಳೆಯಲು ಸಾಕ್ಷಾತ್ ಫಾಲಲೋಚನನಿಗೂ ಸಾಧ್ಯವಿಲ್ಲವೆಂದು ಅವನು ಪಂಥ ಕಟ್ಟಿದ ಧಾಟಿಯಲ್ಲಿ ಗಣಿತಜ್ಞನ ಗರ್ವ ಎದ್ದುಕಾಣುತ್ತದೆ. ಆದರೆ ಆ ಖಾಲಿ ಮನೆಗಳಿಗೆ ಮುಂದಿನ ತಲೆಮಾರುಗಳ ವಾಗ್ಗೇಯಕಾರರು ಒಬ್ಬೊಬ್ಬರಾಗಿ ಬಂದು ದೀಪ ಹಚ್ಚಿದರು. ಪುಸ್ತಕದಲ್ಲಿ ಮೊದಲು ಹುಟ್ಟಿ ಆಮೇಲೆ ಕೊರಳಿಗೆ ಬಂದ ರಾಗಗಳು ನಮ್ಮಲ್ಲಿ ಇರುವುದು ಈ ಗರ್ವದ ಫಲವಾಗಿಯೇ. ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಂದಲೇ ಅದರ ಸಂಖ್ಯೆಯನ್ನು ಕಂಡುಕೊಳ್ಳುವ ಕಟಪಯಾದಿ ಸೂತ್ರವೂ ಈ ಮೇಳಗಳಿಗೆ ಅಂಟಿಕೊಂಡಿತು: ‘ಮಾಯಾ’ ಎಂಬಲ್ಲಿ ಮಕಾರಕ್ಕೆ ಐದು, ಯಕಾರಕ್ಕೆ ಒಂದು, ತಿರುಗಿಸಿ ಓದಿದರೆ 15. ಗ್ರಂಥವನ್ನು ಕೈಯಲ್ಲಿ ಹಿಡಿಯದೆಯೇ ಗ್ರಂಥದ ಪುಟವನ್ನು ತೆರೆಯುವ ಈ ಉಪಾಯವನ್ನು ಕಂಡಾಗ, ಲಿಖಿತಪಾಠಕನನ್ನು ಹೀಗಳೆದ ಜನರ ಮೊಮ್ಮಕ್ಕಳೇ ಇವರೆಂಬುದರಲ್ಲಿ ಸಂದೇಹ ಉಳಿಯುವುದಿಲ್ಲ.

ಇಷ್ಟಾದರೂ ಒಂದು ಕೊರತೆ ಇದ್ದೇ ಇದ್ದಿತು. ರಾಗದ ಲಕ್ಷಣ ಬರೆಹಕ್ಕೆ ಬಂದಿತ್ತು, ಹಾಡು ಬಂದಿರಲಿಲ್ಲ. ತ್ಯಾಗರಾಜರ ಕೃತಿಗಳನ್ನು ವಾಲಾಜಾಪೇಟೆಯ ವೆಂಕಟರಮಣ ಭಾಗವತರೂ ಅವರ ಮಗನೂ ಶ್ರದ್ಧೆಯಿಂದ ಬರೆದಿಟ್ಟುಕೊಂಡರಾಗಿ ನಮಗೆ ಎಷ್ಟೋ ಸಂಗತಿ ತಿಳಿದಿದೆ. ಆದರೆ ಇಂಥ ಬರೆವಣಿಗೆಗಳು ಮನೆತನದ ಪೆಟ್ಟಿಗೆಯಲ್ಲಿ ಉಳಿಯತಕ್ಕವು; ಊರಿನ ಸ್ವತ್ತಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮದರಾಸಿನ ಸರಕಾರಿ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಎ. ಎಂ. ಚಿನ್ನಸ್ವಾಮಿ ಮೊದಲಿಯಾರರೆಂಬ ಕ್ರೈಸ್ತ ಪದವೀಧರರಿಗೆ ಈ ಚಿಂತೆ ಹತ್ತಿತು. ಪಾಶ್ಚಾತ್ಯ ಸಂಗೀತವನ್ನು ಬಲ್ಲ ಅವರು 1893ರಲ್ಲಿ ನಮ್ಮ ಕೀರ್ತನೆಗಳನ್ನು ಯೂರೋಪಿನ ಐದುಗೆರೆಯ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಲು ತೊಡಗಿದರು.

ಆ ಐದುಗೆರೆಯ ಲಿಪಿಯ ವಿಷಯದಲ್ಲಿ ಒಂದು ಮಾತು. 11ನೆಯ ಶತಮಾನದಲ್ಲಿ ಇಟಲಿಯ ಅರೆಟ್ಸೊ ಪಟ್ಟಣದ ಗ್ವೀದೊ ಎಂಬ ಸಂನ್ಯಾಸಿಯು ಗೆರೆಗಳ ಮೇಲೆ ಸ್ವರವನ್ನು ಕೂರಿಸುವ ಕ್ರಮವನ್ನು ವ್ಯವಸ್ಥೆಗೊಳಿಸಿ, ಹತ್ತು ವರ್ಷ ತಗಲುತ್ತಿದ್ದ ಗಾಯನಶಿಕ್ಷಣವನ್ನು ಒಂದೆರಡು ವರ್ಷಗಳಲ್ಲಿ ಮುಗಿಸಬಲ್ಲೆನೆಂದು ಹೇಳಿಕೊಂಡನು. ಅವನ ಮುಂದೆ ಇದ್ದವರು ಮಠದ ಹತ್ತಾರು ಹುಡುಗರು. ಎಲ್ಲರೂ ಕೂಡಿ ಹಾಡಬೇಕು, ಒಬ್ಬನು ತಪ್ಪಿದರೂ ಕೆಡುವುದು. ಮುಂದೆ ನಾಲ್ಕಾರು ಧ್ವನಿಗಳು ಬೇರೆ ಬೇರೆ ದಾರಿಯಲ್ಲಿ ಏಕಕಾಲಕ್ಕೆ ನಡೆಯುವ ಸಂಗೀತ ಅಲ್ಲಿ ಬೆಳೆದಾಗ ಹಾಳೆಯೇ ಯಜಮಾನನಾಯಿತು. ನಮ್ಮಲ್ಲಿ ಹಾಡುವವನು ಒಬ್ಬ, ಎದುರಿಗೆ ಗುರು ಒಬ್ಬ. ಹಾಳೆಗೆ ಯಜಮಾನಿಕೆ ವಹಿಸಿಕೊಡುವ ಪ್ರಸಂಗವೇ ಬರಲಿಲ್ಲ. ಆದುದರಿಂದ ಅವರಲ್ಲಿ ಸ್ವರಲಿಪಿ ಮುಂದುವರಿಯಿತು, ನಮ್ಮಲ್ಲಿ ಹಿಂದುಳಿಯಿತು ಎಂದು ಹೇಳುವವರ ಮಾತಿನಲ್ಲಿ ವಿವೇಚನೆ ಸಾಲದೆಂದೇ ನನ್ನ ಅಭಿಪ್ರಾಯ.

ಮೊದಲಿಯಾರರ ಪ್ರಯತ್ನದಿಂದ ಫಲಿಸಿದುದು ಅವರ ಪುಸ್ತಕಕ್ಕಿಂತ ದೊಡ್ಡದಾದ ಮತ್ತೊಂದು ಪುಸ್ತಕ. ತಮಿಳುನಾಡಿನ ದಕ್ಷಿಣದ ತುದಿಯ ಕಡೆಗೆ ಎಟ್ಟಯಾಪುರವೆಂಬ ಪುಟ್ಟ ಜಮೀನ್ದಾರಿ ಇದ್ದಿತು. ಮುತ್ತುಸ್ವಾಮಿ ದೀಕ್ಷಿತರು 1835ರಲ್ಲಿ ದೇಹವಿಟ್ಟುದು ಅಲ್ಲಿಯೇ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನ ವಾದಕರಿಂದ ಪಿಟೀಲನ್ನು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದ ಮಹನೀಯರು. ಎಟ್ಟಯಾಪುರದ ಆಸ್ಥಾನದಲ್ಲಿದ್ದ ಅವರು ತಮ್ಮ ಮಗಳ ಮಗನನ್ನು ದತ್ತು ತೆಗೆದುಕೊಂಡರು. ಆ ಬಾಲಕನೇ ಸುಬ್ಬರಾಮ ದೀಕ್ಷಿತರು. ಮೊದಲಿಯಾರರ ಒತ್ತಾಯ, ಎಟ್ಟಯಾಪುರದ ದೊರೆಯ ಆಶ್ರಯ ಎರಡೂ ಕೂಡಿಬಂದು, ಅರುವತ್ತು ದಾಟಿದ್ದ ಈ ವೃದ್ಧ ವಿದ್ವಾಂಸರು ಮನೆತನದಲ್ಲಿ ಕಾಪಾಡಿಕೊಂಡು ಬಂದ ಸಮಸ್ತ ಸಂಪತ್ತನ್ನೂ ಬರೆಹಕ್ಕೆ ಇಳಿಸಿ, 1904ರಲ್ಲಿ ಎಟ್ಟಯಾಪುರದ ಮುದ್ರಣಾಲಯದಿಂದಲೇ ಸಂಗೀತಸಂಪ್ರದಾಯಪ್ರದರ್ಶಿನಿಯನ್ನು ತೆಲುಗು ಲಿಪಿಯಲ್ಲಿ ಹೊರತಂದರು.

ಸಾವಿರದ ಎಲ್ಲೆಯನ್ನು ಬಹುವಾಗಿ ದಾಟಿದ ಪುಟಗಳ ಆ ಗ್ರಂಥದಲ್ಲಿ 72 ಮೇಳಗಳ ಕ್ರಮವನ್ನು ಅನುಸರಿಸಿ ಒಂದೊಂದು ರಾಗಕ್ಕೂ ಲಕ್ಷಣಶ್ಲೋಕ, ವಿವರಣೆ, ಗೀತ, ತಾನ, ಕೀರ್ತನೆ, ಸಂಚಾರಿಗಳಿವೆ. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳೇ 200ಕ್ಕೂ ಮಿಕ್ಕಿವೆ. ಮೊದಲಿನಲ್ಲಿ ವಾಗ್ಗೇಯಕಾರರ ಚರಿತ್ರೆಯೂ ಇದೆ. ಆದರೆ ಆ ಗ್ರಂಥದ ಸಾಹಸ ಇರುವುದು ಮೊತ್ತದಲ್ಲಿಯಲ್ಲ, ಸ್ವರಗಳ ನೆತ್ತಿಯ ಮೇಲಣ ಚಿಹ್ನೆಗಳಲ್ಲಿ. ಗಮಕವನ್ನು ಬರೆಯಲಾಗದೆಂಬ ಲೋಕದ ಮಾತನ್ನು ಕೇಳಿ ಕೈಕಟ್ಟಿ ಕೂಡದೆ, ಒಂದೊಂದು ಗಮಕಕ್ಕೂ ಒಂದೊಂದು ಸಂಕೇತವನ್ನು ಸುಬ್ಬರಾಮ ದೀಕ್ಷಿತರು ಗೊತ್ತುಮಾಡಿದರು. ಶಾರ್ಙ್ಗದೇವನು ಗಮಕಗಳನ್ನು 15 ಎಂದು ಎಣಿಸಿ ಹೆಸರಿಟ್ಟಿದ್ದನು. ದೀಕ್ಷಿತರು ತಮ್ಮ ವೀಣೆಯ ತಂತಿಯ ಮೇಲೆ ಬೆರಳು ಮಾಡುವ ಕೆಲಸವನ್ನು ನೋಡಿಕೊಂಡು ಬರೆದರು. ಕಂಪಿತಕ್ಕೆ ಅಲೆಯಂಥ ಗೆರೆ. ಮೇಲಕ್ಕೆ ಏರುವ ಜಾರಿಗೂ ಕೆಳಕ್ಕೆ ಇಳಿಯುವ ಜಾರಿಗೂ ಆಯಾ ದಿಕ್ಕಿಗೆ ವಾಲಿದ ಓರೆಗೆರೆಗಳು. ಸ್ಫುರಿತಕ್ಕೆ ಒಲೆಯ ಗುಂಡುಗಳಂತೆ ಇಟ್ಟ ಮೂರು ಚುಕ್ಕೆಗಳು. ಅದರ ಪ್ರತಿಬಿಂಬವಾದ ಪ್ರತ್ಯಾಹತಕ್ಕೆ ಅದೇ ಚುಕ್ಕೆಗಳು ತಲೆಕೆಳಗಾಗಿ. ನೊಕ್ಕು, ರವೆ, ಖಂಡಿಪ್ಪು, ಒದುಕ್ಕಲ್ ಎಂಬ ಮನೆಮಾತಿನ ಹೆಸರುಗಳು ಶಾಸ್ತ್ರಗ್ರಂಥದ ಪಂಕ್ತಿಯಲ್ಲಿ ಕುಳಿತುದು ಆಗಲೇ. ಇಷ್ಟು ಚಿಹ್ನೆಗಳನ್ನು ಹೊತ್ತ ಸ್ವರಗಳ ಮೊಳೆಗಳನ್ನು ಜೋಡಿಸಿ, ಕರಡು ತಿದ್ದಿ, ಅಚ್ಚಿಗೆ ಬಿಡುವುದು ಆ ಸಣ್ಣ ಊರಿನ ಕೆಲಸಗಾರರಿಗೆ ಎಂಥ ತಪಸ್ಸಾಗಿದ್ದಿರಬೇಕೆಂಬುದನ್ನು ಊಹಿಸಿಕೊಂಡರೆ ಮೈ ಝುಮ್ಮೆನ್ನುವುದು.

ಇದರ ಸಂಗಡವೇ ಹೇಳಬೇಕಾದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಪ್ರದರ್ಶಿನಿಯಷ್ಟೇ ಮನಮುಟ್ಟುವುದು. ಇಂಥ ಮಹಾಗ್ರಂಥವನ್ನು ಮುಗಿಸಿದ ಮರುವರ್ಷ, 1905ರಲ್ಲಿ, ಅದೇ ದೀಕ್ಷಿತರು ಪ್ರಥಮಾಭ್ಯಾಸಪುಸ್ತಕವೆಂಬ, ಎಳೆಯರು ಸರಳೆಯಿಂದ ತೊಡಗುವ ಪುಸ್ತಕವನ್ನು ಪ್ರಕಟಿಸಿದರು. 1906ರಲ್ಲಿ ತೀರಿಕೊಂಡರು. ಶಿಖರವನ್ನು ಕಟ್ಟಿದ ಕೈಯೇ ಕೆಳಕ್ಕಿಳಿದು ಬಂದು ಮೊದಲ ಮೆಟ್ಟಿಲನ್ನೂ ಉಜ್ಜಿ ಹೋಯಿತು.

ಪ್ರದರ್ಶಿನಿ ಅಚ್ಚಾದ 1904ರಲ್ಲಿಯೇ ಎಟ್ಟಯಾಪುರಕ್ಕೆ ಮುಂಬಯಿಯಿಂದ ಒಬ್ಬ ವಕೀಲರು ಬಂದರು. ಅವರೇ ವಿಷ್ಣು ನಾರಾಯಣ ಭಾತಖಂಡೆ. ಉತ್ತರಾದಿಯ ಸಂಗೀತವು ಘರಾಣೆಗಳ ಭದ್ರ ಬಾಗಿಲುಗಳ ಹಿಂದೆ ಅಡಗಿರುವುದನ್ನು ಕಂಡು ಬೇಸತ್ತು, ಶಾಸ್ತ್ರವನ್ನು ಅರಸುತ್ತ ದಕ್ಷಿಣಯಾತ್ರೆ ಹೊರಟಿದ್ದ ಅವರಿಗೆ ಸುಬ್ಬರಾಮ ದೀಕ್ಷಿತರಿಂದ ಚತುರ್ದಂಡೀಪ್ರಕಾಶಿಕೆಯ ಪ್ರತಿ ದೊರೆಯಿತು. ವೆಂಕಟಮಖಿಯ 72 ಮನೆಗಳಲ್ಲಿ ಹಿಂದುಸ್ತಾನಿ ರಾಗಗಳಿಗೆ 10 ಸಾಕೆಂದು ಅವರು ಆರಿಸಿಕೊಂಡುದೇ ಇಂದಿನ ಥಾಟ್ ಪದ್ಧತಿ. ಮರಾಠಿಯಲ್ಲಿ ಗುರುಶಿಷ್ಯರ ಸಂವಾದದ ರೂಪದಲ್ಲಿ ಅವರು ಬರೆದ ಶಾಸ್ತ್ರಗ್ರಂಥ, ಉಸ್ತಾದರಿಂದ ಸಂಗ್ರಹಿಸಿದ ಚೀಜುಗಳನ್ನು ಸ್ವರಲಿಪಿಯೊಡನೆ ಕೊಟ್ಟ ಆರು ಭಾಗಗಳ ಕ್ರಮಿಕ ಪುಸ್ತಕಮಾಲಿಕೆ, ಇವುಗಳಿಂದ ಸಂಗೀತವು ಘರಾಣೆಯ ಮನೆಯಲ್ಲಿ ಹುಟ್ಟದವರಿಗೂ ಲಭ್ಯವಾಯಿತು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದ ವಿಷ್ಣು ದಿಗಂಬರ ಪಲುಸ್ಕರರು ಬೇರೆಯ ಸ್ವರಲಿಪಿಯಿಂದ ಅದೇ ಕೆಲಸವನ್ನು ಮಾಡಿದರು. ಹಾಗೆ ತೆರೆದ ಬಾಗಿಲಿನಿಂದ ಒಳಗೆ ಬಂದವರಲ್ಲಿ ಎಷ್ಟೋ ಮಂದಿ ಪುಸ್ತಕದ ರಾಗವನ್ನು ಪುಸ್ತಕದಂತೆಯೇ ಹಾಡಿದರೆಂಬ ಟೀಕೆ ಸುಳ್ಳಲ್ಲ. ಆದರೆ ಬಾಗಿಲು ಮುಚ್ಚಿಯೇ ಇದ್ದಿದ್ದರೆ ಟೀಕಿಸುವುದಕ್ಕೂ ಹಾಡು ಇರುತ್ತಿರಲಿಲ್ಲ.

ಸ್ವರಲಿಪಿಯ ಸುದ್ದಿಯೇ ಇಲ್ಲದ ಮತ್ತೊಂದು ಬಗೆಯ ಪುಸ್ತಕಗಳೂ ಸಂಗೀತವನ್ನು ಕಲಿಸುತ್ತವೆಯೆಂಬುದನ್ನು ಮರೆಯಲಾಗದು. ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಲ್ಲಿ ಶಿಷ್ಯವೃತ್ತಿ ಮಾಡಿದ ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’, ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’ ಇವೆರಡನ್ನೂ ಕಲಿಯುವ ಹುಡುಗರ ಕೈಗೆ ಕೊಡಬೇಕೆಂಬುದು ನನ್ನ ಹಟ. ರಾಗದ ಆರೋಹಣ ಅವರೋಹಣಗಳನ್ನು ಯಾವ ಪುಸ್ತಕವಾದರೂ ಹೇಳೀತು. ಗುರುವಿನ ಮನೆಯಲ್ಲಿ ಹೇಗೆ ಕಾಯಬೇಕು, ಒಂದು ರಾಗದ ಬಳಿ ಎಷ್ಟು ದಿನ ಕುಳಿತಿರಬೇಕು, ಮತ್ತೊಬ್ಬರ ಹಾಡನ್ನು ಎಷ್ಟು ಪ್ರೀತಿಯಿಂದ ಕೇಳಬೇಕು ಎಂಬುದನ್ನು ಹೇಳುವವು ಇಂಥವೇ.

ಹೊಸದಾಗಿ ಕಲಿಯಹೊರಟವರು ಅಂಗಡಿಯಲ್ಲಿ ಯಾವ ಪುಸ್ತಕವನ್ನು ಕೊಳ್ಳಬೇಕೆಂದು ಕೇಳುವುದುಂಟು. ಅಚ್ಚು ದಪ್ಪವಾಗಿರಲಿ, ಸ್ಥಾಯಿಯ ಚುಕ್ಕೆಗಳು ಹಾರಿಹೋಗಿರದಿರಲಿ, ತಾಳದ ಗೆರೆಗಳು ಸಾಹಿತ್ಯದ ಅಕ್ಷರಗಳಿಗೆ ನೇರವಾಗಿ ಕುಳಿತಿರಲಿ, ಅಂಚಿನಲ್ಲಿ ಬರೆದುಕೊಳ್ಳಲು ತುಸು ಬಯಲು ಬಿಟ್ಟಿರಲಿ ಎನ್ನುವುದಕ್ಕಿಂತ ಹೆಚ್ಚಿನ ಉಪದೇಶ ನನ್ನಲ್ಲಿಲ್ಲ. ಆ ಅಂಚಿನ ಬಯಲೇ ಮುಖ್ಯವಾದುದು.

ನಮ್ಮ ಮೇಷ್ಟ್ರು ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ಗ್ರಂಥಾಲಯವೊಂದರಲ್ಲಿ ಮತ್ತೇನನ್ನೋ ಹುಡುಕುತ್ತಿದ್ದಾಗ ಪ್ರದರ್ಶಿನಿಯ ಸಂಪುಟ ನನ್ನ ಕೈಗೆ ಸಿಕ್ಕಿತು. ತೆಲುಗು ಅಕ್ಷರ ನಮಗೇನೂ ಪರಕೀಯವಲ್ಲವಷ್ಟೆ. ಗಮಕಚಿಹ್ನೆಗಳ ವಿವರಣೆಯನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಸ್ಫುರಿತದ ಬಳಿಗೆ ಬಂದೆನು. ಜೋಡಿಸ್ವರಗಳಲ್ಲಿ ಎರಡನೆಯದು ಕೆಳಗಿನ ಸ್ವರವನ್ನು ತಟ್ಟಿ ಏಳುವ ಗಮಕ. ಅದರ ಗುರುತು ಮೂರು ಚುಕ್ಕೆ. ಆ ಹರಕು ಪುಸ್ತಕದ ಜಂಟಿ ವರಸೆಯ ಪುಟ ಒಡನೆಯೇ ಕಣ್ಣ ಮುಂದೆ ನಿಂತಿತು. ಸೀಸದಕಡ್ಡಿಯ ಚುಕ್ಕೆಗಳಿದ್ದುದು ಎಲ್ಲ ಅಕ್ಷರಗಳ ಮೇಲೂ ಅಲ್ಲ. ಜೋಡಿ ಜೋಡಿಯಲ್ಲಿ ಎರಡನೆಯದರ ಮೇಲೆ ಮಾತ್ರ.